ನೆಟ್ಟಗಿನ ಕುತ್ತಿಗೆ ಮತ್ತು ನೋವಿನ ಮಾತ್ರೆ

ಕುತ್ತಿಗೆ ನೋವಿನ ಮದ್ದನ್ನು ಡಾಕ್ಟರು ಹೇಳಿದ ಹಾಗೆಯೇ ತೆಗೆದುಕೊಂಡ ರೋಗಿಯನ್ನು ನಾನು ಈವರೆಗೆ ನೋಡಿಲ್ಲ. ಅತ್ತಾವರದ ಆಸ್ಪತ್ರೆಯೊಂದರಲ್ಲಿ ಮೇಟ್ರನ್ ಆಗಿದ್ದು ನಿವೃತ್ತಳಾದವಳು ನಾನು. ಗಂಜಿ ಹಾಕಿದ ಬಿಳಿ ಟೋಪಿಯ ಆ ಕಾಲ ಹೋಯಿತು. ಈಗಿನ ಹುಡುಗಿಯರಿಗೆ ಟೋಪಿಯೇ ಇಲ್ಲ. ಕಾನ್ವೆಂಟಿನಲ್ಲಿ ತಲೆಯ ಮೇಲೆ ಪುಸ್ತಕವಿಟ್ಟು ನಡೆಸಿದ್ದರಿಂದ ನನ್ನ ಕುತ್ತಿಗೆ ಯಾವತ್ತೂ ನೆಟ್ಟಗೆ. ಆ ಕುತ್ತಿಗೆಗೇ ಈಚೆಗೆ ನೋವು ಹಿಡಿಯಿತು, ಅದೂ ಆಸ್ಪತ್ರೆಯಲ್ಲಿ ನಾನು ನರ್ಸಿಂಗ್ ಕಲಿಸಿದ ಹಳೆಯ ವಿದ್ಯಾರ್ಥಿನಿಯರು ನನ್ನನ್ನು ಸನ್ಮಾನಕ್ಕೆ ಕರೆದ ವಾರದಲ್ಲೇ. ಸೊಟ್ಟ ಕುತ್ತಿಗೆ ಹೊತ್ತು ಅವರೆದುರು ಹೋಗುವುದು ನನ್ನಿಂದಾಗದ ಮಾತು. ಮಲಗಿದಲ್ಲೇ ಹಳೆಯ ರೋಗಿಗಳು ನೆನಪಾದರು.

ಹೋಟೆಲ್ ಧಣಿ

ಪಡೀಲಿನಲ್ಲಿ ಹೋಟೆಲ್ ಇಟ್ಟಿದ್ದ ಧಣಿಯೊಬ್ಬರು ಕುತ್ತಿಗೆ ನೋವಿಗೆ ಮಾತ್ರೆ ತೆಗೆದುಕೊಂಡು, ಹೊಟ್ಟೆಯಲ್ಲಿ ಹುಣ್ಣಾಗಿ ನಮ್ಮಲ್ಲಿ ಮಲಗಿದರು.

"ಊಟ ಮಾಡಿದ ಮೇಲೆ ತೆಗೊಳ್ಳಿ ಅಂತ ಹೇಳಿರ್ಲಿಲ್ವಾ?" ಎಂದೆ.

"ಹೇಳಿದ್ರು."

"ಮತ್ತೆ ಖಾಲಿ ಹೊಟ್ಟೆಗೆ ಯಾಕೆ ತೆಗೊಂಡ್ರಿ? ಎದುರಿಗೇ ಅಷ್ಟು ಊಟ ಉಂಟಲ್ಲ?"

ಅವರು ಆಚೆ ಹಾಸಿಗೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ನಮ್ಮ ಹೋಟೆಲಿನದ್ದಾ ಸಿಸ್ಟರ್? ಅದು ತಿಂದರೆ ನನಗೆ ಹೊಟ್ಟೆ ಕೆಡ್ತದೆ."

ಎರಡು ಮುಲಾಮು

ನಮ್ಮ ಚರ್ಚಿನಲ್ಲಿ ಎಲ್ಲರೂ 'ಬಾಯಿ' ಎಂದು ಕರೆಯುವ ಹಿರಿಯ ಹೆಂಗಸೊಬ್ಬರ ಇಬ್ಬರು ಸೊಸೆಯಂದಿರೂ ಗಲ್ಫಿನಲ್ಲಿದ್ದರು. ಅತ್ತೆಗೆ ಕುತ್ತಿಗೆ ನೋವೆಂದು ಕೇಳಿ ಇಬ್ಬರೂ ಒಂದೊಂದು ಮುಲಾಮು ಕಳಿಸಿದರು. ಎರಡೂ ಉರಿಯುವಂಥವು. ಬಾಯಿ ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಹಚ್ಚಿ, ಮೇಲೆ ಬಿಸಿನೀರಿನ ಚೀಲವನ್ನೂ ಇಟ್ಟುಕೊಂಡರು. ಬೊಬ್ಬೆಯೆದ್ದ ಮೇಲೆ ನಮ್ಮಲ್ಲಿಗೆ ಬಂದರು.

"ಮುಲಾಮು ಹಚ್ಚಿದ ಮೇಲೆ ಬಿಸಿ ಕೊಡಬಾರದು ಬಾಯಿ. ಎರಡೆರಡು ಹಚ್ಚಲೂ ಬಾರದು."

"ಒಬ್ಬಳದ್ದು ಬಿಟ್ಟರೆ ಅವಳಿಗೆ ಬೇಸರ ಆಗ್ತದಲ್ಲ?"

ನಾನು ಔಷಧಿ ಹಚ್ಚುವಾಗ ಮೆಲ್ಲಗೆ ಕೈ ಹಿಡಿದರು. "ಅವರು ಫೋನ್ ಮಾಡಿ ಕೇಳಿದರೆ, ಬೊಬ್ಬೆ ಎರಡೂ ಕಡೆ ಸಮ ಉಂಟು ಅಂತ ಹೇಳು, ಆಯ್ತಾ?"

ನನ್ನ ಸರದಿ

ನನಗೆ ಡಾಕ್ಟರು ಬರೆದದ್ದು ಸ್ನಾಯು ಸಡಿಲಿಸುವ ಮಾತ್ರೆ. ಕ್ಲಿನಿಕ್ಕಿನಲ್ಲಿ ಅದನ್ನು ಕೈಗಿತ್ತ ನರ್ಸ್ ನನ್ನ ಹಳೆಯ ವಿದ್ಯಾರ್ಥಿನಿಯೇ. "ರಾತ್ರಿ ಮಾತ್ರ ತೆಗೊಳ್ಳಿ ಮೇಡಂ, ತುಂಬಾ ನಿದ್ದೆ ಬರ್ತದೆ," ಎಂದಳು.

"ನನಗೆ ಹೇಳಿಕೊಡ್ತೀಯಾ?" ಎಂದೆ. ಪಾಪ, ಮುಂದಿನ ರೋಗಿಯನ್ನು ಕರೆದಳು.

ಸನ್ಮಾನದ ದಿನ ಬೆಳಿಗ್ಗೆ ಎದ್ದರೆ ಕುತ್ತಿಗೆ ತಿರುಗುವುದಿಲ್ಲ. ಒಂದು ಮಾತ್ರೆ ನುಂಗಿ ಕೊಡಿಯಾಲ್‌ಬೈಲಿನ ಹಾಲ್‌ಗೆ ಹೋದೆ. ವೇದಿಕೆ ಹತ್ತುವಾಗ ನೋವು ಮಾಯ. ನೆಟ್ಟಗೆ ಕುಳಿತೆ. ಯಾರೋ ಭಾಷಣ ಆರಂಭಿಸಿದ್ದು ನೆನಪುಂಟು.

ಎಚ್ಚರವಾದದ್ದು ಚಪ್ಪಾಳೆಗೆ. ಮೈಕ್ ಹಿಡಿದಿದ್ದವಳು ಕಣ್ಣೊರೆಸಿಕೊಳ್ಳುತ್ತಿದ್ದಳು. "ನಾವು ಒಳ್ಳೆ ಬ್ಯಾಚ್ ಅಲ್ವಾ ಅಂತ ಕೇಳಿದೆ, ಮೇಡಂ ಹೌದು ಅಂತ ತಲೆಯಾಡಿಸಿದರು. ನಾವು ಓದುವಾಗ ಒಂದು ದಿನ ಸಹ ತಲೆಯಾಡಿಸಿದವರಲ್ಲ."

ಮುಂದಿನ ಸಾಲಿನವರೆಲ್ಲ ಮೂಗು ಸೀಟುತ್ತಿದ್ದರು. ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. ಆದರೆ ಆ ಮುಖಗಳ ಎದುರು ನಿಜ ಹೇಳಲು ಬಾಯಿ ಬರಲಿಲ್ಲ. ಒಳ್ಳೆಯ ಬ್ಯಾಚೇ ಆಗಿತ್ತು ಅದು, ಹೇಳದೆ ಉಳಿದಿತ್ತು, ಅಷ್ಟೆ.

ಶಾಲು ಹೊದೆಸಲು ಬಂದವಳು ಆ ಕ್ಲಿನಿಕ್ಕಿನ ನರ್ಸ್. ಕಿವಿಯ ಹತ್ತಿರ ಬಗ್ಗಿ ಕೇಳಿದಳು, "ಮಾತ್ರೆ ಬೆಳಿಗ್ಗೆ ತೆಗೊಂಡ್ರಾ ಮೇಡಂ?"

ಅಂದು ನಾನು ಎಚ್ಚರದಲ್ಲಿದ್ದು ತಲೆಯಾಡಿಸಿದ್ದು ಅದೊಂದಕ್ಕೇ.