ಮಂಗಳ ಗ್ರಹಕ್ಕೆ ಕಟ್ಟಿಕೊಟ್ಟ ಬುತ್ತಿ

ನಮ್ಮ ಸೋದರಮಾವ ಮಿಲಿಟರಿಯಿಂದ ರಿಟೈರ್ ಆಗಿ ಶಹಾಪುರಕ್ಕೆ ಬಂದರು ಎಂದು ಊರೆಲ್ಲ ಹೇಳುತ್ತದೆ. ನಾನು ಒಪ್ಪುವುದಿಲ್ಲ! ಬಂದದ್ದು ಅವರ ಟ್ರಂಕು, ಹಾಸಿಗೆ ಮತ್ತು ಮೀಸೆ ಮಾತ್ರ. ಮಾಮಾ ನೆಟ್ಟಗೆ ಹೋಗಿ ಇಳಿದದ್ದು ಮಂಗಳ ಗ್ರಹದಲ್ಲಿ.

ಸೇನೆಯಲ್ಲಿ ಅವರದು ವೈರ್‌ಲೆಸ್ ಕೆಲಸ. ಗಡಿಯ ಚಳಿಯಲ್ಲಿ ಕೂತು, ಬಿಡುವು ಸಿಕ್ಕಾಗಲೆಲ್ಲ ವೈಜ್ಞಾನಿಕ ಕಥೆಗಳನ್ನು ಓದಿ ಓದಿ ತಲೆಗೆ ಹಚ್ಚಿಕೊಂಡವರು. ಅವರು ಬರುವ ಹೊತ್ತಿಗೆ ನಮ್ಮ ಕಡೆ ಹೊಲಗಳಿಗೆ ಆಗತಾನೇ ಕಾಲುವೆ ನೀರು ಬಂದಿತ್ತು. ಊರವರೆಲ್ಲ ಭತ್ತ ಹಚ್ಚುವ ಭರದಲ್ಲಿದ್ದರೆ ಇವರು ಎಲ್ಲಿಂದಲೋ ಒಂದು ಹಳೆಯ ಸೈಕ್ಲೋಸ್ಟೈಲ್ ಯಂತ್ರ ತಂದು ನಡುಮನೆಯಲ್ಲಿ ಕೂಡಿಸಿದರು. ತಿಂಗಳಿಗೊಂದು ಪತ್ರಿಕೆ! ತುಂಬ ರಾಕೆಟ್ಟು, ಗ್ರಹ, ನಾಲ್ಕು ಕೈಯ ಜನ. ಬರೆಯುವವರೂ ಅವರೇ, ಮೊಣಕೈವರೆಗೆ ಮಸಿ ಮೆತ್ತಿಕೊಂಡು ಹಿಡಿಕೆ ತಿರುಗಿಸುವವರೂ ಅವರೇ.

ಮಂಗಳದಲ್ಲಿ ಕಾಲುವೆಗಳಿವೆ ಎಂದು ಹಿಂದೆ ಕೆಲವರು ನಂಬಿದ್ದರಂತೆ. ಮಾಮಾ ಅದನ್ನೇ ಹಿಡಿದು ಒಂದು ಕಥೆ ಕಟ್ಟಿ, ಚಹಾದಂಗಡಿಯಲ್ಲಿ ನಿಂತು ಓದಿದರು. ಮೇಲಿನ ಊರಿನವರು ನೀರೆಲ್ಲ ಎಳೆದುಕೊಳ್ಳುತ್ತಾರೆ, ಕಾಲುವೆಯ ಕೊನೆಯಲ್ಲಿರುವವರು ಬಂದೂಕು ಹಿಡಿಯುತ್ತಾರೆ. ಒಬ್ಬ ರೈತ ಎದ್ದು ನಿಂತ.

“ಅಲ್ರಿ ಸುಬೇದಾರ್ರ, ಅಲ್ಲೂ ಟೇಲ್‌ಎಂಡಿಗೆ ನೀರು ಬರಂಗಿಲ್ಲೇನ್ರಿ?”

“ಇಲ್ಲ.”

“ಹಂಗಾರ ಇದು ಸುಳ್ಳು ಕತಿ ಅಲ್ಲ ಬಿಡ್ರಿ!”

ಚಪ್ಪಾಳೆಯೇನೋ ಬಿತ್ತು. ಪತ್ರ ಮಾತ್ರ ಒಂದೂ ಬರಲಿಲ್ಲ. ‘ಓದುಗರ ಪತ್ರ’ ಎಂದು ಬಿಟ್ಟಿದ್ದ ಪುಟ ಮೂರು ತಿಂಗಳು ಖಾಲಿಯೇ ಹೋಯಿತು. ಟಪಾಲಿನವನ ಸೈಕಲ್ಲು ಬರುವ ಹೊತ್ತಿಗೆ ಮಾಮಾ ಬಾಗಿಲಲ್ಲಿ ಪಹರೆ ನಿಲ್ಲುವುದು, ಅವನು ಮುಂದೆ ಹೋದಮೇಲೆ ಮೀಸೆ ತೀಡುತ್ತ ಒಳಗೆ ಬರುವುದು. ಅದನ್ನು ನೋಡಿ ನೋಡಿ ಮಾಮಾನ ಹೆಂಡತಿ, ನಮ್ಮ ಅತ್ತಿ, ತಡೆಯದಾದರು. ಅವರಿಗೆ ಬರೆಯಲು ಬಾರದು. ಗಡಿಗೆ ಹೋಗುತ್ತಿದ್ದ ಪತ್ರಗಳನ್ನೂ ಅವರು ಹೇಳಿ, ನಮ್ಮವ್ವ ಬರೆಯುತ್ತಿದ್ದಳು. ಈಗ ಆ ಪಾಳಿ ನನ್ನದಾಯಿತು. ನಾನು ಆಗ ಕೆಂಭಾವಿಯ ಸಾಲೆಯಲ್ಲಿ ಮಾಸ್ತರಿಣಿ.

“ಬರಿಯವ್ವ,” ಎಂದರು ಅತ್ತಿ. “ಕತಿ ಚಂದ ಅದ. ಆದ್ರ ಮಂಗಳದ ಮಂದಿ ಮುಂಜಾನಿಂದ ಬಂದೂಕ ಹಿಡ್ಕೊಂಡು ತಿರಗಾಕತ್ತಾರ. ಉಣ್ಣೂದು ಯಾವಾಗ?”

ಕಾಗದದ ಕೆಳಗೆ ಸಹಿ ಹಾಕಲು ಹೀಗೆ ಹುಟ್ಟಿದ ಕೆಂಭಾವಿಯ ಭೀಮರಾಯ! ಮುಂದಿನ ಸಂಚಿಕೆಯಲ್ಲಿ ರಾಕೆಟ್ಟಿನೊಳಗೆ ಜೋಳದ ರೊಟ್ಟಿ, ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿ ಬಂದವು. ಆಗ ಕಕ್ಕೇರಾದ ಹನುಮಂತನಿಗೆ ಸಿಟ್ಟು ಬಂತು: ಪಲ್ಯ ಇಲ್ಲದೆ ಬರೀ ಹಿಂಡಿಯ ಮೇಲೆ ಎಷ್ಟು ದಿನ ಹಾರಬೇಕು? ಪುಂಡಿಪಲ್ಯ ಬಂತು. ಯಾದಗಿರಿಯ ಗುರುನಾಥ ಮಜ್ಜಿಗೆ ಕೇಳಿದ. ಕಥೆಯಲ್ಲಿ ಯುದ್ಧ ಸಣ್ಣದಾಗುತ್ತ, ಅಡುಗೆಮನೆ ದೊಡ್ಡದಾಗುತ್ತ ಹೋಯಿತು. ಆಶ್ಚರ್ಯವೆಂದರೆ ಅಷ್ಟರಲ್ಲಿ ನಿಜವಾದ ಓದುಗರೂ ಮೂವರು ಪತ್ರ ಬರೆಯತೊಡಗಿದ್ದರು: ಸುರಪುರದ ಇಬ್ಬರು ಮಾಸ್ತರರು, ಹತ್ತಿಕುಣಿಯ ಒಬ್ಬ ಕಂಪೌಂಡರು.

ಒಮ್ಮೆ ಸಿಕ್ಕಿಬೀಳುವುದರಲ್ಲಿದ್ದೆ. ಮಾಮಾ ಲಕೋಟೆಯನ್ನು ಬೆಳಕಿಗೆ ಹಿಡಿದರು.

“ಮನುಷ್ಯಾ ಕಕ್ಕೇರಾದಾಂವ. ಟಪಾಲಿನ ಠಸ್ಸಿ ಕೆಂಭಾವಿದು. ಹೆಂಗ?”

“ಸಂತಿಗೆ ಬಂದಿರಬೇಕ್ರಿ ಮಾಮಾ.”

“ಹೂಂ,” ಎಂದರು. ಆ ‘ಹೂಂ’ ನನ್ನನ್ನು ಒಂದು ವಾರ ಕಾಡಿತು.

ಮುಂದಿನ ಸಂಚಿಕೆ ಓದಿದವಳೇ ಅದನ್ನು ಹಿಡಿದು ಅತ್ತಿಯ ಹತ್ತಿರ ಓಡಿದೆ: ‘ಬರುವ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ನಮ್ಮ ಮನೆಯಲ್ಲಿ ಓದುಗರ ಸಮ್ಮೇಳನ. ಪತ್ರ ಬರೆದ ಆರೂ ಜನರ ಹಾಜರಿ ತೆಗೆಯಲಾಗುವುದು. ಒಬ್ಬರು ಕಡಿಮೆಯಾದರೂ ಪತ್ರಿಕೆ ಬಂದ್.’ ಮಾಮಾ ಹೇಳಿದ ಮಾತು ತಿರುಗಿಸುವವರಲ್ಲ. ಯಂತ್ರಕ್ಕೆ ಮುಸುಕು ಹಾಕಿ ಆ ಮನುಷ್ಯ ಬಾಗಿಲಲ್ಲಿ ಸುಮ್ಮನೆ ಕೂತರೆ ಏನು ಗತಿ?

“ಮೂವರಿಗೂ ಜ್ವರ ಬಂದಾವ ಅಂತ ಬರಿಯೂಣೇನ್ರಿ ಅತ್ತಿ?”

“ಒಮ್ಮಿಗೇ? ನಿಮ್ಮ ಮಾಮಾ ಡಾಕ್ಟರನ್ನ ಕರಕೊಂಡು ಹೊಂಟಾರ!”

“ಹಂಗಾರ ತೀರಿಕೊಂಡ್ರು ಅಂತ...”

“ಬಾಯಿ ಮುಚ್ಚು! ಮನಿ ಮಕ್ಕಳು ಇದ್ದಂಗ ಅದಾರ. ಏನರ ಅಂದಿ ಅಂದ್ರ ನೋಡು!”

ಭಾನುವಾರ ಬಂದೇಬಿಟ್ಟಿತು. ನಡುಮನೆಯಲ್ಲಿ ಆರು ಕುರ್ಚಿ. ಮೂರು ತುಂಬಿದವು, ಮೂರು ಬಾಯಿ ತೆರೆದುಕೊಂಡು ಕೂತವು. ಅತ್ತಿ ನಸುಕಿನಿಂದ ಒಲೆ ಬಿಟ್ಟು ಎದ್ದಿರಲಿಲ್ಲ. ಮಾಮಾ ಪದಕ ಹಚ್ಚಿದ ಕೋಟು ಹಾಕಿ, ಗಡಿಯಾರ ನೋಡಿ, ಸರಿಯಾಗಿ ಹನ್ನೆರಡಕ್ಕೆ ಪಟ್ಟಿ ತೆಗೆದರು. ಬಂದ ಮೂವರೂ ಸಾಲೆಯ ಮಕ್ಕಳಂತೆ ಎದ್ದು ಹಾಜರಿ ಹೇಳಿ ಕೂತರು.

“ಕೆಂಭಾವಿಯ ಭೀಮರಾಯ!”

ಪೆನ್ಸಿಲ್ಲು ಹಾಳೆಯ ಮೇಲೆ ನಿಂತಿತ್ತು. ನಾನು ನೆಲ ನೋಡಿದೆ. ಅಡುಗೆಮನೆಯಲ್ಲಿ ಸೌಟು ಠಣ್ಣೆಂದು ಬಿತ್ತು.

ಮಾಮಾ ತಲೆ ಎತ್ತಲಿಲ್ಲ. “ಭೀಮರಾಯ ಅಡಗಿಮನ್ಯಾಗ ಅದಾನೇನು?”

ಅತ್ತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. “ಯಾವಾಗ ಗೊತ್ತಾತ್ರಿ?”

“ಮೊದಲನೇ ಪತ್ರಕ್ಕ. ಅಕ್ಷರ ಯಾರದರ ಇರ್ಲಿ, ಆಕಡಿಂದ ಮಾತಾಡಾವ್ರು ಯಾರಂತ ವೈರ್‌ಲೆಸ್‌ದಾವಗ ತಿಳಿಯಂಗಿಲ್ಲೇನು? ಹದಿನೆಂಟು ವರ್ಷ ಗಡ್ಯಾಗ ನಿನ್ನ ಪತ್ರ ಓದೀನಿ. ಒಂದರಾಗರ ಗುಂಡಿನ ಸುದ್ದಿ ಕೇಳೀಯೇನು? ಬರೇ ಊಟ ಆತೇನ್ರಿ, ಊಟ ಆತೇನ್ರಿ.” ಮಾಮಾ ಖಾಲಿ ಕುರ್ಚಿಯೊಂದನ್ನು ಮುಂದಕ್ಕೆ ಎಳೆದರು. “ಅದನ್ನ ಓದಿದ ಮ್ಯಾಲೇ ನನಗ ಹಸಿವಿ ಆಗ್ತಿತ್ತು. ಬಾ, ಕುಂದರು. ಓದುಗರು ಬಾಗಿಲಾಗ ನಿಂದರಬಾರದು.”

ಅತ್ತಿ ಬಂದು ಖಾಲಿ ಕುರ್ಚಿಯ ತುದಿಯಲ್ಲಿ ಕೂತರು. ಮಾಮಾ ಭೀಮರಾಯನಿಂದಲೇ ಹಿಡಿದು ಉಳಿದ ಮೂರೂ ಹೆಸರು ಕೂಗಿದರು. ಮೂರಕ್ಕೂ ಅತ್ತಿಯೇ “ಹಾಜರ್ರಿ” ಎಂದರು. ಮೂರನೆಯದು ಸರಿಯಾಗಿ ಕೇಳಿಸಲಿಲ್ಲ. ಮಾಮಾ ಮಾತ್ರ ಗುರುತು ಹಾಕಿಕೊಂಡರು.

“ಆರಕ್ಕ ಆರು. ಪತ್ರಿಕಾ ನಡೀತದ!”

ಪಟ್ಟಿ ಮಡಚಿ ಜೇಬಿಗಿಟ್ಟು, ಅತ್ತಿಯ ಕಡೆ ತಿರುಗಿ, ನಾನೆಂದೂ ಕೇಳದ ಮೆತ್ತನೆಯ ದನಿಯಲ್ಲಿ ಕೇಳಿದರು: “ನಿಂದು ಊಟ ಆತೇನು?”

ಅತ್ತಿ ಇಲ್ಲವೆಂದು ತಲೆ ಅಲ್ಲಾಡಿಸಿದರು.

ಮಾಮಾ ಪದಕದ ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ತಾಟು ತರಲು ಅಡುಗೆಮನೆಗೆ ಹೋದರು. ಹೊತ್ತು ತಪ್ಪುವುದೆಂದರೆ ಆಗದ ಆ ಮನುಷ್ಯನ ಸಮ್ಮೇಳನ ಅವತ್ತು ಅರ್ಧ ತಾಸು ತಡವಾಗಿ ಶುರುವಾಯಿತು.