ಪೈಥಾಗೊರಸನಿಗೆ ಒಂದು ಕೊಸರು

ನನಗೆ ಸಿಟ್ಟು ಬೇಗ ಬರುವುದಿಲ್ಲ. ಬಂದರೆ ತಾರೀಖು ಹಾಕಿ ಡೈರಿಯಲ್ಲಿ ಬರೆದಿಡುತ್ತೇನೆ. ಬರೆದಿಟ್ಟ ಸಿಟ್ಟು ಆರುವುದಿಲ್ಲ ಎಂಬುದು ಮಾತ್ರ ತಡವಾಗಿ ತಿಳಿಯಿತು. ಆ ವರ್ಷದ ಡೈರಿಯಲ್ಲಿ ಬಸ್ಸಿನ ಮೇಲೆ ಹನ್ನೊಂದು ಸಲ, ಹೆಡ್‌ಮಾಸ್ತರರ ಮೇಲೆ ನಾಲ್ಕು ಸಲ ಸಿಟ್ಟಾಗಿದ್ದೇನೆ. ಆದರೆ ಜುಲೈ ತಿಂಗಳ ಒಂದೇ ವಾರದಲ್ಲಿ ಎಂಟನೆಯ ತರಗತಿಯ ಹುಲಿಗೆಮ್ಮನ ಮೇಲೆ ಬಂದ ಸಿಟ್ಟಿಗೆ ಪುಟಗಳೇ ಸಾಲಲಿಲ್ಲ.

ಆಗ ನಾನು ಬಳ್ಳಾರಿಯ ಪಾರ್ವತಿನಗರದಿಂದ ದಿನವೂ ಕುರುಗೋಡಿಗೆ ಹೋಗಿ ಗಣಿತ ಹೇಳುತ್ತಿದ್ದೆ. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಶುಕ್ರವಾರ ಇನ್‌ಸ್ಪೆಕ್ಟರು ಬರುವವರಿದ್ದರು. ಅವರು ಒಳ್ಳೆಯ ಮಾತು ಬರೆದರೆ ಖಾಯಂ, ಇಲ್ಲವಾದರೆ ಮನೆ. ಸಿರುಗುಪ್ಪದಲ್ಲಿ ಅವರು ಮೇಷ್ಟ್ರೊಬ್ಬರನ್ನು ಮಕ್ಕಳ ಸಾಲಿನಲ್ಲಿ ಕೂಡಿಸಿ ತಾವೇ ಪಾಠ ಹೇಳಿದರೆಂಬ ಸುದ್ದಿ ಬಸ್ಸಿನಲ್ಲೇ ಸಿಕ್ಕಿತ್ತು. ಪೈಥಾಗೊರಸನ ಪ್ರಮೇಯವನ್ನು ಬಾಯಿಪಾಠ ಮಾಡಿಸುವ ಬದಲು ಆಟ ಆಡಿಸಿ ಅವರನ್ನು ಬೆರಗುಗೊಳಿಸಲು ಹೊರಟೆ. ತರಗತಿಯ ಕಲ್ಲುನೆಲದ ಮೇಲೆ ಸೀಮೆಸುಣ್ಣದಿಂದ ಲಂಬಕೋನ ತ್ರಿಭುಜ ಬರೆದೆ. ಬಾಹುಗಳು ಮೂರು, ನಾಲ್ಕು, ಐದು ಗೇಣು. ಪ್ರತಿ ಬಾಹುವಿಗೂ ಒಂದು ಚೌಕ, ಚೌಕದೊಳಗೆ ಗೇಣಗಲದ ಮನೆಗಳು: ಒಂಬತ್ತು, ಹದಿನಾರು, ಇಪ್ಪತ್ತೈದು. ಸಣ್ಣ ಚೌಕಗಳೆರಡರಲ್ಲಿ ಮನೆಗೊಂದು ಶೇಂಗಾ ಇಟ್ಟು, ಅವನ್ನೇ ಎತ್ತಿ ದೊಡ್ಡ ಚೌಕ ತುಂಬಬೇಕು. ಒಂದೂ ಉಳಿಯಬಾರದು, ಒಂದು ಮನೆಯೂ ಬರಿದಾಗಬಾರದು.

ಸೋಮವಾರ ದೊಡ್ಡ ಚೌಕದಲ್ಲಿ ಇಪ್ಪತ್ತಾರು. ಮಂಗಳವಾರ ಇಪ್ಪತ್ತಾರು. ಬುಧವಾರ ನಾನೇ ಇಪ್ಪತ್ತೈದು ಎಣಿಸಿ ಕೊಟ್ಟೆ, ಆದರೂ ಇಪ್ಪತ್ತಾರು! ಎರಡು ಸಾವಿರ ವರ್ಷ ಎಲ್ಲೂ ತಪ್ಪದ ಪ್ರಮೇಯ ಕುರುಗೋಡಿಗೆ ಬಂದು ತಪ್ಪಬೇಕೆ? ಬಾಗಿಲಲ್ಲಿ ಇಣುಕಿದ ಹೆಡ್‌ಮಾಸ್ತರರು, "ಮೇಷ್ಟ್ರೇ, ಲೆಕ್ಕ ಹೇಳಾಕತ್ತೀರೋ, ದುಕಾನ ಇಟ್ಟೀರೋ?" ಎಂದು ಹೋದರು. ಚೌಕ ಬರಿದು ಮಾಡಿಸಿ ಮತ್ತೆ ತುಂಬಿಸಿದೆ. ಆಗ ಹುಲಿಗೆಮ್ಮ ತನ್ನ ಲಂಗದ ಮಡಿಕೆಯಿಂದ ಒಂದು ಕಾಯಿ ತೆಗೆದು ಮೆಲ್ಲಗೆ ಚೌಕದಲ್ಲಿಡುವುದು ಕಂಡಿತು.

"ಏನವ್ವ ಅದು?"

"ಕೊಸರ್ರೀ ಸರ. ಅಳದು ಕೊಟ್ಟ ಮ್ಯಾಲ ಒಂದೀಟು ಹೆಚ್ಚಿಗಿ ಹಾಕಬೇಕಲ್ರಿ? ನಮ್ಮವ್ವ ಸಂತ್ಯಾಗ ಶೇಂಗಾ ಮಾರ್ತಾಳ. ಕೊಸರ ಹಾಕಲಿಲ್ಲಂದ್ರ ತಗಂಡೋರ ಮನಸು ತುಂಬಂಗಿಲ್ಲಂತ."

"ಇದು ಸಂತೆ ಅಲ್ಲ, ಪ್ರಮೇಯ!"

"ಇರ್ಲಿ ಬಿಡ್ರಿ ಸರ, ಒಂದು ಕಾಯಿಗೆ ಯಾಕ ಸಿಟ್ಟಾಗ್ತೀರಿ?"

ಇಡೀ ತರಗತಿ ಹೌದೆಂದು ತಲೆಯಾಡಿಸಿತು. ಹಿಂದಿನ ಸಾಲಿನಿಂದ ಎರ್ರಿಸ್ವಾಮಿ ಪಕ್ಕದವನಿಗೆ, "ಸರ ಬಳ್ಳಾರಿಯೋರಲೇ. ಅಲ್ಲಿ ಕೊಸರ ಹಾಕಂಗಿಲ್ಲ" ಎಂದ. ನನ್ನ ಊರಿನ ಮಾನವೂ ಹೋಯಿತು!

ಗುರುವಾರ ಪೂರ್ತಿ ಒಂದು ಪೀರಿಯಡ್ಡು ಗುಡುಗಿದೆ. ಗಣಿತದಲ್ಲಿ ದಯೆ ಇಲ್ಲ, ದಾಕ್ಷಿಣ್ಯ ಇಲ್ಲ, ಸರಿಗೆ ಸರಿ. ಹೆಚ್ಚಿಗೆ ಒಂದು ಕಾಯಿ ಕಂಡರೆ ಬೆಂಚಿನ ಮೇಲೆ ನಿಲ್ಲಿಸುತ್ತೇನೆ ಎಂದೆ. ಹುಲಿಗೆಮ್ಮ ನನ್ನನ್ನು ಮರುಕದಿಂದ ನೋಡಿದಳು. ಶುಕ್ರವಾರ ಅವಳೇ ಚೌಕ ತುಂಬಿದಳು. ಇನ್‌ಸ್ಪೆಕ್ಟರು ಎರಡು ಸಲ ಎಣಿಸಿದರು: ಇಪ್ಪತ್ತೈದು. ಒಂದನ್ನು ಸುಲಿದು ಬಾಯಿಗೆ ಹಾಕಿಕೊಂಡು 'ಬಹಳ ತೃಪ್ತಿಕರ' ಎಂದು ಬರೆದರು. ನನ್ನ ನೌಕರಿ ಉಳಿಯಿತು.

ಮುಂದಿನ ಸಂತೆಗೆ ಗೆದ್ದ ಗತ್ತಿನಲ್ಲಿ ಹೋದೆ. ಹುಲಿಗೆಮ್ಮ ಅವ್ವನ ಪಕ್ಕದಲ್ಲಿ ಶೇಂಗಾ ರಾಶಿಯ ಮುಂದೆ ಕೂತಿದ್ದಳು. ಎರಡು ಸೇರು ಕೇಳಿದೆ. ಸಂತೆಯ ರೂಢಿಯಂತೆ ಒಂದಕ್ಕೆ ಲಾಭ ಎನ್ನುತ್ತ, "ಲಾಭ... ಎರಡು" ಎಂದು ಅಳೆದು ನನ್ನ ಚೀಲಕ್ಕೆ ಸುರಿದು ಸೇರನ್ನು ಕೆಳಗಿಟ್ಟಳು. ನಾನು ಚೀಲದ ಬಾಯಿ ಮುಚ್ಚಲಿಲ್ಲ. ಕೆಮ್ಮಿದೆ. ಚೀಲವನ್ನು ಇನ್ನಷ್ಟು ಅಗಲಿಸಿದೆ. ಕಡೆಗೆ ಬಾಯಿಬಿಟ್ಟೇ ಕೇಳಿದೆ: "ಕೊಸರು ಹಾಕವ್ವ."

"ಬ್ಯಾಡ್ರಿ ಸರ. ಸರಿಗೆ ಸರಿ. ಹೆಚ್ಚಿಗಿ ಒಂದು ಕಾಯಿ ಕಂಡ್ರ ಬೆಂಚಿನ ಮ್ಯಾಲ ನಿಲ್ಲಸ್ತೀನಿ ಅಂದೀರಿ."

ಅವತ್ತಿನ ಡೈರಿಯಲ್ಲಿ ಹೀಗಿದೆ: ಪ್ರಮೇಯ ಕಲಿತವರು, ಒಬ್ಬಳು. ಕೊಸರು ಕೇಳಿದ್ದು, ಮೂರು ಸಲ. ಸಿಕ್ಕಿದ್ದು, ಸೊನ್ನೆ. ಮನಸ್ಸು ತುಂಬಲಿಲ್ಲ.