ತೊಟ್ಟಿಯಲ್ಲಿ ಸಿಕ್ಕ ಮಣಿಸರ

ನನ್ನ ಹೆಂಡತಿಗೆ ಎಲ್ಲಾ ಗೊತ್ತು. ಮದುವೆಯಾದ ಹನ್ನೊಂದು ವರ್ಷದಿಂದ ನನ್ನ ದೂರು ಇದೊಂದೇ. ಅವಳು ಶಾಲೆಯಲ್ಲಿ ವಿಜ್ಞಾನದ ಮೇಡಂ. ನಾನು ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ತುಳಿಯುವ ಟೈಲರ್. (ಊರಿನವರ ಅಳತೆ ತೆಗೆಯುವವನು ನಾನು, ನನ್ನ ಅಳತೆ ತೆಗೆಯುವವಳು ಅವಳು.)

ಮೊನ್ನೆ ಭಾನುವಾರ ಒಂದು ಗೌನಿನ ಕುತ್ತಿಗೆಗೆ ಹಾಕಬೇಕಿದ್ದ ಕಪ್ಪು ಮಣಿಸರ ಕಾಣೆಯಾಯಿತು. ಗೌನಿನವರು ಸಂಜೆ ಬರುವವರಿದ್ದರು.

"ನೀನೇ ಗುಡಿಸಿ ಎಸೆದಿದ್ದೀಯ," ಅಂದೆ.

"ಕಣ್ಣು ಬಿಟ್ಟು ಹುಡುಕಿ," ಅಂದಳು.

ಹುಡುಕುತ್ತಾ ಹಿತ್ತಲಿಗೆ ಹೋದೆ. ಒಗೆಯುವ ಕಲ್ಲಿನ ಪಕ್ಕದ ತೊಟ್ಟಿಯಲ್ಲಿ ಮಳೆನೀರು ನಿಂತಿತ್ತು. ಅದರೊಳಗೆ ಕರ್ರಗೆ, ಸಾಲು ಹಿಡಿದ ಮಣಿಗಳು! ಎಳೆದೆ. ಎಳೆದಷ್ಟೂ ಬಂತು. ಲೋಳೆ ಲೋಳೆಯಾಗಿತ್ತು, ಸೋಪು ಇರಬೇಕು ಅಂದುಕೊಂಡು ಖಾಲಿ ರೀಲಿಗೆ ಸುತ್ತಿದೆ.

"ಸಿಕ್ತು! ತೊಟ್ಟಿಗೆ ಹಾಕಿದ್ದೀಯಲ್ಲ ಮಹಾರಾಯ್ತಿ!"

ಬಂದು ನೋಡಿದವಳು ಹಣೆ ಚಚ್ಚಿಕೊಂಡಳು. "ಅಯ್ಯೋ, ಅದು ನೆಲಗಪ್ಪೆ ಮೊಟ್ಟೆ!"

"ಕಪ್ಪೆ ಮೊಟ್ಟೆ ಮುದ್ದೆಮುದ್ದೆಯಾಗಿರುತ್ತೆ. ನಾನೂ ನೋಡಿದ್ದೀನಿ."

"ಅದು ಬೇರೆ ಕಪ್ಪೆದು. ಈ ಒರಟು ಮೈಯದು ಸರದ ಹಾಗೆ ಇಡುತ್ತೆ. ಹೆಣ್ಣು ಮೊಟ್ಟೆ ಬಿಡ್ತಾ ಹೋದ ಹಾಗೆ ಬೆನ್ನ ಮೇಲೆ ಕೂತ ಗಂಡು ಅದರ ಮೇಲೆ ವೀರ್ಯ ಬಿಡುತ್ತೆ. ಅಲ್ಲಿರೋದು ಸಾವಿರಾರು ಮರಿ. ನಿಮ್ಮ ಮಣಿಸರ ಟೇಪಿನ ಜೊತೆ ನಿಮ್ಮ ಕುತ್ತಿಗೆಯಲ್ಲೇ ನೇತಾಡ್ತಿದೆ."

ಮುಟ್ಟಿ ನೋಡಿಕೊಂಡೆ. ನೇತಾಡುತ್ತಿತ್ತು.

"ಈಗ ಹಾಗೇ ಬಿಚ್ಚಿ ನೀರಿಗೆ ಬಿಡಿ. ಒಂದು ಕಡೆಯೂ ಹರೀಬಾರದು."

ಇಪ್ಪತ್ತು ವರ್ಷ ದಾರ ಸುತ್ತಿದ ಕೈ. ಕಪ್ಪೆಯ ಸಂಸಾರ ಬಿಚ್ಚಿದ್ದು ಅದೇ ಮೊದಲು. ಮುಕ್ಕಾಲು ಗಂಟೆ ಹಿಡಿಯಿತು. ಕೊನೆಯ ಸುತ್ತು ಇಳಿಸುವಾಗ ತೊಟ್ಟಿಯ ಮೂಲೆಯಿಂದ ಗಂಡುಕಪ್ಪೆಯೊಂದು ನೆಗೆದು ನನ್ನ ಹೆಬ್ಬೆರಳನ್ನು ಬಾಚಿ ತಬ್ಬಿಕೊಂಡಿತು. ಕೊಡವಿದೆ. ಹಿಡಿತ ಇನ್ನೂ ಬಿಗಿಯಾಯಿತು.

"ಹೆದರಬೇಡಿ," ಅಂದಳು ಮೇಡಂ. "ಈ ಕಾಲದಲ್ಲಿ ಅದು ಸಿಕ್ಕಿದ್ದನ್ನೆಲ್ಲ ಹೆಣ್ಣು ಅಂತ ಹಿಡ್ಕೊಳ್ಳುತ್ತೆ. ತಪ್ಪಿ ಇನ್ನೊಂದು ಗಂಡನ್ನ ಹಿಡಿದರೆ, ಆ ಗಂಡು 'ಕ್ರಕ್ ಕ್ರಕ್' ಅಂತ ಕೂಗುತ್ತೆ. 'ನಾನೂ ಗಂಡಸೇ, ಬಿಡಪ್ಪಾ' ಅಂತ. ಆಗ ಬಿಟ್ಟುಬಿಡುತ್ತೆ. ಕೂಗಿ."

ಬೇರೆ ದಾರಿ ಇರಲಿಲ್ಲ. ಗಂಟಲು ಸರಿಮಾಡಿಕೊಂಡು ಕೂಗಿದೆ. ಕಪ್ಪೆ ಅಲ್ಲಾಡಲಿಲ್ಲ. ಇನ್ನೂ ಗಡುಸಾಗಿ, ಎದೆ ಉಬ್ಬಿಸಿ ಕೂಗಿದೆ. ಅದು ಸುಖವಾಗಿ ಕಣ್ಣು ಮುಚ್ಚಿತು.

ತಿರುಗಿದರೆ ಹಿತ್ತಲ ಬಾಗಿಲಲ್ಲಿ ಗೌನಿನವರು ಬಾಯಿ ತೆರೆದು ನಿಂತಿದ್ದರು.

"ಏನಾಯ್ತು ಮೇಡಂ, ಯಜಮಾನರಿಗೆ?"

"ಏನಿಲ್ಲ," ಅಂದಳು ನನ್ನ ಹೆಂಡತಿ. "ತಾವು ಗಂಡಸು ಅಂತ ಆಗಿನಿಂದ ಹೇಳ್ತಾ ಇದ್ದಾರೆ. ಕಪ್ಪೆ ಇನ್ನೂ ಒಪ್ಪಿಲ್ಲ."